ಕಾರಿನೊಳಗಣ ನೀರು

ಸೋರುವ ಮನೆಯಲ್ಲಿ ವಾಸಮಾಡಿದವರಿಗೆ ನೀರಿನ ಸ್ವಭಾವವನ್ನು ಬೇರೆಯಾಗಿ ಬೋಧಿಸಬೇಕಾದುದಿಲ್ಲ. ಮಾಳಿಗೆಯ ಮೂಡಣ ಮೂಲೆಯಲ್ಲಿ ಬಿರುಕಿದ್ದರೆ ಪಡುವಣ ಗೋಡೆಯಲ್ಲಿ ಹನಿ ಕಾಣಿಸಿಕೊಳ್ಳುವುದುಂಟು. ಹನಿ ಬಿದ್ದ ಸ್ಥಳಕ್ಕೇ ಗಾರೆ ಬಳಿದು ತೃಪ್ತನಾದವನು ಮುಂದಿನ ಮಳೆಗೆ ಮತ್ತೆ ಅದೇ ಸ್ಥಳದಲ್ಲಿ ಪಾತ್ರೆಯಿಡಬೇಕಾಗುತ್ತದೆ. ಮನೆಯ ವಿಷಯದಲ್ಲಿ ಇದು ಎಲ್ಲರಿಗೂ ವಿದಿತವಾದುದೇ. ಆದರೆ ಈಗ ಸಾಧಾರಣ ಗೃಹಸ್ಥರ ಅಂಗಳದಲ್ಲಿಯೂ ಒಂದು ಕಾರು ನಿಂತಿರುವ ಕಾಲ. ಕಾರೂ ಒಂದು ಸಣ್ಣ ಮನೆಯೇ ಸರಿ. ಅದಕ್ಕೂ ಮಾಡುಂಟು, ಬಾಗಿಲು ಕಿಟಕಿಗಳುಂಟು, ಮಳೆಗಾಲವೂ ಉಂಟು. ಅದು ಸೋರತೊಡಗಿದರೆ ಮಾತ್ರ ಜನರು ಮನೆಯಲ್ಲಿ ಕಲಿತ ಪಾಠವನ್ನು ಅಲ್ಲಿಗೆ ಅನ್ವಯಿಸದೆ, ಇದು ಯಂತ್ರದ ವಿಷಯ, ನಮಗೆ ತಿಳಿಯತಕ್ಕದ್ದಲ್ಲವೆಂದು ಕೈಚೆಲ್ಲುತ್ತಾರೆ. ಹಾಗೆ ಕೈಚೆಲ್ಲಬೇಕಾದ ಕಾರಣವಿಲ್ಲವೆಂಬುದನ್ನು ಹೇಳುವುದೇ ಈ ಲೇಖನದ ಉದ್ದೇಶ.

ನಮ್ಮ ಗುತ್ತೂರು ಹರಿಹರದ ನೆರೆಯಲ್ಲಿರುವ ಊರು, ತುಂಗಭದ್ರೆಯ ಸೀಮೆ. ಮಲೆನಾಡಿನಲ್ಲಿ ಮಳೆ ಹಿಡಿಯಿತೆಂದರೆ ಹೊಳೆ ಕೆಂಪಗೆ ತುಂಬಿ ಬರುತ್ತದೆ. ಊರಿನಲ್ಲಿಯೂ ವಾರಗಟ್ಟಲೆ ಮೋಡ ಕವಿದಿರುತ್ತದೆ. ಕಳೆದ ವರ್ಷ ಅಂತಹ ದಿನಗಳಲ್ಲಿ ನಮ್ಮ ಮನೆಯ ಕಾರಿನಲ್ಲಿ, ಮುಂದಿನ ಎಡಗಡೆಯ ಆಸನದವರು ಕಾಲಿಡುವ ತಾವಿನಲ್ಲಿ, ನೀರು ನಿಲ್ಲತೊಡಗಿತು. ಆ ಕಾರಿನಲ್ಲಿ ನಮ್ಮ ಮಗನೂ ಸೊಸೆಯೂ ದಿನಂಪ್ರತಿ ದಾವಣಗೆರೆಗೆ ಕೆಲಸಕ್ಕೆ ಹೋಗುವವರು. ಆರು ವರ್ಷದ ಮೊಮ್ಮಗನನ್ನು ಶಾಲೆಗೆ ಬಿಡುವುದೂ ಅದರಲ್ಲಿಯೇ. ಹಾಸಿದ್ದ ಕಾರ್ಪೆಟ್ಟು ಒದ್ದೆಯಾಗಿ ಬೂಷ್ಟು ಹಿಡಿಯಿತು. ಬಾಗಿಲು ತೆರೆದರೆ ಮುಗ್ಗಿದ ಜೋಳದ ಹಗೇವನ್ನು ತೆರೆದಂತೆ ವಾಸನೆ. ಹುಡುಗನಿಗೆ ರಾತ್ರಿಯ ವೇಳೆ ಕೆಮ್ಮು ಉಬ್ಬಸ ಆರಂಭವಾಯಿತು. ಪರೀಕ್ಷಿಸಿದ ವೈದ್ಯರು, "ಈ ಮಗು ಇರುವ ಕಡೆ ಎಲ್ಲಿಯಾದರೂ ತೇವ, ಬೂಷ್ಟು ಇದೆಯೆ?" ಎಂದು ಕೇಳಿದರು. ಮನೆಯ ಗೋಡೆಗಳನ್ನೆಲ್ಲ ನೋಡಿದೆವು, ಒಣಗಿದ್ದವು. ಉಳಿದುದು ಕಾರೊಂದೇ.

ಒಂದು ಗ್ಯಾರೇಜಿನವರು ಮುಂದಿನ ಗಾಜಿನ ಸುತ್ತಲೂ ಕಪ್ಪು ಅಂಟನ್ನು ಎರಡು ಬಾರಿ ಬಳಿದು ಕಳುಹಿಸಿದರು. ಎರಡು ಬಾರಿಯೂ ನೀರು ಬಂದಿತು. ಮೂರನೆಯ ಬಾರಿಗೆ ಡ್ಯಾಶ್‌ಬೋರ್ಡನ್ನೇ ಬಿಚ್ಚಬೇಕೆಂದರು. ಅದಕ್ಕೆ ಕೇಳಿದ ಕೂಲಿ ನಮ್ಮ ಒಂದು ತಿಂಗಳ ಪಿಂಚಣಿಯ ಅರ್ಧದಷ್ಟು. ಮಗನಿಗೆ ಬೇಸರ ಬಂದು, "ಅಪ್ಪಾಜಿ, ಬೇಸಿಗೆ ಬಂದು ಕಾರು ಒಣಗಿದ ಮೇಲೆ ಯಾರಿಗಾದರೂ ಮಾರಿಬಿಡೋಣ" ಎಂದನು. ಸೊಸೆ ಒಡನೆಯೇ, "ಆಗ ಆ ನೀರು ಇನ್ನೊಬ್ಬರ ಮಗುವಿನ ಕಾಲಡಿಯಲ್ಲಿ ನಿಲ್ಲುತ್ತದೆ, ಅಷ್ಟೆ, ಅಲ್ಲವೆ ಮಾವನವರೆ?" ಎಂದಳು. ಅವಳ ಮಾತು ನಮಗೆ ಸರಿಯೆಂದು ತೋರಿತು. ದೋಷವನ್ನು ಮುಚ್ಚಿ ಮಾರುವುದಕ್ಕಿಂತ ಅದನ್ನು ಹುಡುಕಿ ತೆಗೆಯುವುದೇ ಗೃಹಸ್ಥಧರ್ಮ. ಮುಂದಿನ ಭಾನುವಾರ ಆ ಕೆಲಸಕ್ಕೆ ಕುಳಿತೆವು.

ಕಾರಿನೊಳಗೆ ಕಾಣುವ ನೀರು ಮೂರು ಬಗೆ. ಮೊದಲನೆಯದು ಮಳೆಯ ನೀರು. ಎರಡನೆಯದು ಎ.ಸಿ.ಯ ನೀರು. ಗಾಳಿಯಲ್ಲಿರುವ ತೇವವು ಎ.ಸಿ.ಯ ತಣ್ಣನೆಯ ಕೊಳವೆಗಳಿಗೆ ತಾಗಿ, ಮಂಜಿನ ನೀರು ತುಂಬಿದ ಲೋಟದ ಹೊರಮೈಯಲ್ಲಿ ಮೂಡುವಂತೆ, ಹನಿಗೂಡುತ್ತದೆ. ಒಂದು ಸಣ್ಣ ರಬ್ಬರು ಕೊಳವೆಯ ಮೂಲಕ ನೆಲಕ್ಕಿಳಿಯುತ್ತದೆ. ಆ ಕೊಳವೆ ಕಟ್ಟಿಕೊಂಡರೆ ಬಿಸಿಲಿನ ದಿನವೂ ಕಾರಿನೊಳಗೆ ನೀರು ಬರುವುದು. ಮೂರನೆಯದು ಎಂಜಿನ್ನನ್ನು ತಣಿಸುವ ರೇಡಿಯೇಟರಿನ ದ್ರವ. ಹೀಟರಿನ ಕೊಳವೆ ತೂತಾದರೆ ಇದು ಒಳಗೆ ಹರಿಯುತ್ತದೆ. ಇದಕ್ಕೆ ಬಣ್ಣವಿರುತ್ತದೆ, ಬೆರಳಿಗೆ ಜಿಡ್ಡು ಹತ್ತುತ್ತದೆ, ಸಿಹಿಯಾದ ವಾಸನೆಯಿರುತ್ತದೆ. ಗಾಜಿನ ಒಳಮೈಗೂ ಜಿಡ್ಡಿನ ಮಂಜು ಕವಿಯುತ್ತದೆ. ಇದು ವಿಷಪದಾರ್ಥವಾದುದರಿಂದ ನಾಲಗೆಗೆ ತಾಗಿಸಕೂಡದು, ಮಕ್ಕಳನ್ನೂ ಸಾಕುಪ್ರಾಣಿಗಳನ್ನೂ ಹತ್ತಿರ ಬಿಡಕೂಡದು. ಇದರ ದುರಸ್ತಿ ಬಲ್ಲ ಕೆಲಸಗಾರನದೇ. ನಮ್ಮ ಕಾರಿನ ನೀರಿಗೆ ಬಣ್ಣವಿರಲಿಲ್ಲ, ಎ.ಸಿ. ಹಾಕಿದ ಒಣ ದಿನಗಳಲ್ಲಿ ಬಾರದೆ, ಎ.ಸಿ. ಹಾಕದ ಮಳೆಯ ದಿನಗಳಲ್ಲಿ ಬರುತ್ತಿತ್ತು. ಆದುದರಿಂದ ಅದು ಮಳೆಯ ನೀರೆಂದು ನಿಶ್ಚಯವಾಯಿತು.

ಇಲ್ಲಿ ಒಂದು ಮುಖ್ಯವಾದ ಸಂಗತಿಯನ್ನು ಹೇಳಬೇಕು. ಕಾರು ಹನಿ ನೀರೂ ಹೊಗದಂತೆ ಮುಚ್ಚಿದ ಡಬ್ಬಿಯೆಂದು ಬಹುಜನರ ಭಾವನೆ. ವಾಸ್ತವವು ಹಾಗಲ್ಲ. ಬಾಗಿಲಿನ ಗಾಜು ಕೆಳಗಿಳಿಯುವ ಸಂದಿನಲ್ಲಿ ಮಳೆಯ ನೀರು ಬಾಗಿಲ ಹೊಟ್ಟೆಯೊಳಕ್ಕೆ ಇಳಿದೇ ಇಳಿಯುತ್ತದೆ. ಬಾಗಿಲ ತಳದಲ್ಲಿರುವ ಸಣ್ಣ ರಂಧ್ರಗಳಿಂದ ಹೊರಗೆ ಹೋಗುತ್ತದೆ. ಮುಂದಿನ ಗಾಜಿನ ಬುಡದಲ್ಲಿ, ವೈಪರುಗಳ ಕೆಳಗೆ, ಜಾಲರಿಯಂತಹ ಮುಚ್ಚಳವುಂಟು. ಒಳಗಿನವರಿಗೆ ಹೊಸಗಾಳಿ ಹೋಗುವುದು ಅಲ್ಲಿಂದಲೇ. ಗಾಜಿನ ಮೇಲೆ ಬಿದ್ದ ಮಳೆಯೆಲ್ಲ ಆ ಜಾಲರಿಯ ಕೆಳಗಿನ ದೋಣಿಗೆ ಇಳಿದು, ಎರಡು ಪಕ್ಕದ ಕಂಡಿಗಳಿಂದ ನೆಲಕ್ಕೆ ಬೀಳಬೇಕು. ಮಾಡಿನಲ್ಲಿ ತೆರೆಯುವ ಕಿಟಕಿಯಿರುವ ಕಾರುಗಳಲ್ಲಿಯೂ ಅದರ ಮೂಲೆಗಳಿಂದ ಸಣ್ಣ ಕೊಳವೆಗಳು ಕಂಬಗಳೊಳಗೆ ಇಳಿದಿರುತ್ತವೆ. ಅಂದಮೇಲೆ ಕಾರನ್ನು ನಿರ್ಮಿಸಿದವರು ನೀರಿಗೆ ಪ್ರವೇಶವನ್ನೇ ನಿಷೇಧಿಸಲಿಲ್ಲ. ಬಂದ ನೀರಿಗೆ ನಿರ್ಗಮವನ್ನು ಕಲ್ಪಿಸಿದರು.

ನಮ್ಮ ಸೀಮೆಯವರಿಗೆ ಇದು ಹೊಸ ವಿದ್ಯೆಯಲ್ಲ. ಹರಿಹರದ ಬಳಿ ತುಂಗಭದ್ರೆಯನ್ನು ಕೂಡುವ ಹರಿದ್ರಾವತಿಗೆ ಅಡ್ಡಲಾಗಿ, ಚನ್ನಗಿರಿ ತಾಲ್ಲೂಕಿನ ಗುಡ್ಡಗಳ ನಡುವೆ, ಪೂರ್ವಿಕರು ಸೂಳೆಕೆರೆಯನ್ನು ಕಟ್ಟಿದರು. ಈಗ ಅದನ್ನು ಶಾಂತಿಸಾಗರವೆಂದೂ ಕರೆಯುತ್ತಾರೆ. ಅದರ ನೀರು ಸಿದ್ಧ, ಬಸವ ಎಂಬ ಎರಡು ನಾಲೆಗಳಲ್ಲಿ ಹೊಲಗದ್ದೆಗಳಿಗೆ ಹರಿಯುತ್ತದೆ. ಯಾವ ಕೆರೆಯಾದರೂ ಏರಿಯ ಬಲದಿಂದ ಮಾತ್ರ ಉಳಿಯುವುದಿಲ್ಲ; ತೂಬು ಕೋಡಿಗಳು ತೆರೆದಿದ್ದರೆ ಏರಿಯೂ ಉಳಿಯುತ್ತದೆ. ಕೋಡಿಯಲ್ಲಿ ಹೂಳು ತುಂಬಿದುದನ್ನು ಬಿಟ್ಟು ಏರಿಯ ಮೇಲೆ ಮಣ್ಣು ಹಾಕುತ್ತ ಹೋದರೆ ಪ್ರಯೋಜನವೇನು? ಕಾರಿನ ಗಾಜಿಗೆ ಅಂಟು ಬಳಿಯುವುದೂ ಹಲವು ವೇಳೆ ಇಂತಹ ಕೆಲಸವೇ.

ಆದರೆ ಅನುಮಾನವನ್ನು ಪ್ರಮಾಣದಿಂದ ದೃಢಪಡಿಸಬೇಕಷ್ಟೆ. ನಮ್ಮ ನ್ಯಾಯಶಾಸ್ತ್ರದಲ್ಲಿ ಅನ್ವಯ ವ್ಯತಿರೇಕಗಳೆಂಬ ವಿಚಾರವಿದೆ. ಯಾವುದು ಇದ್ದರೆ ಕಾರ್ಯವು ಇರುವುದೋ, ಯಾವುದು ಇಲ್ಲದಿದ್ದರೆ ಕಾರ್ಯವು ಇಲ್ಲವೋ, ಅದನ್ನು ಕಾರಣವೆಂದು ಗ್ರಹಿಸುವುದು. ಮಡಕೆಗೆ ಮಣ್ಣು, ಬಟ್ಟೆಗೆ ನೂಲು ಎಂದು ಮೂವತ್ತು ವರ್ಷ ಹುಡುಗರಿಗೆ ಹೇಳಿದ ಆ ಮಾತನ್ನೇ ಈಗ ನೀರಿನ ಪೈಪು ಹಿಡಿದು ಪ್ರಯೋಗಿಸಿದೆವು. ಕಾರ್ಪೆಟ್ಟನ್ನು ಎತ್ತಿ, ಒಳಗಿನ ತಗಡನ್ನು ಒರೆಸಿ ಒಣಗಿಸಿ, ಅದರ ಮೇಲೆಯೂ ಬಾಗಿಲಿನ ರಬ್ಬರು ಬೀಡಿಂಗಿನ ಒಳಬದಿಯಲ್ಲಿಯೂ ಸೀಮೆಸುಣ್ಣದ ಪುಡಿಯನ್ನು ತೆಳ್ಳಗೆ ಉದುರಿಸಿದೆವು. ನಿವೃತ್ತ ಉಪಾಧ್ಯಾಯನ ಮನೆಯಲ್ಲಿ ಆ ಪದಾರ್ಥಕ್ಕೆ ಕೊರತೆಯಿಲ್ಲ. ಹನಿ ಹರಿದರೆ ಪುಡಿಯ ಮೇಲೆ ಗೆರೆ ಮೂಡುತ್ತದೆ. ಗೆರೆಯನ್ನು ಹಿಡಿದು ಮೇಲಕ್ಕೆ ಹೋದರೆ ಮೂಲ ಸಿಕ್ಕುತ್ತದೆ. ದೊಡ್ಡ ಮೊಮ್ಮಗಳನ್ನು ಬ್ಯಾಟರಿ ದೀಪದೊಡನೆ ಒಳಗೆ ಕೂರಿಸಿ, ಹೊರಗಿನಿಂದ ಮೆಲ್ಲಗೆ ನೀರು ಬಿಡತೊಡಗಿದೆವು.

ನೀರನ್ನು ಕೆಳಗಿನಿಂದ ಮೇಲಕ್ಕೆ, ಒಂದು ಸಲಕ್ಕೆ ಒಂದೇ ಭಾಗಕ್ಕೆ, ಬಿಡತಕ್ಕದ್ದು. ಮೊದಲೇ ಮಾಡಿನ ಮೇಲೆ ಸುರಿದರೆ ಎಲ್ಲವೂ ಒಟ್ಟಿಗೆ ನೆನೆದು ಕಾರಣಗಳು ಕಲಸಿಹೋಗುವುವು. ಬಾಗಿಲ ತಳಕ್ಕೆ ಐದು ನಿಮಿಷ ಬಿಟ್ಟೆವು, ಒಳಗೆ ಗೆರೆಯಿಲ್ಲ. ಬಾಗಿಲ ಪಕ್ಕಕ್ಕೆ ಬಿಟ್ಟೆವು, ಇಲ್ಲ. ಗಾಜಿನ ಬುಡದ ಜಾಲರಿಗೆ ಬಿಟ್ಟು ಮೂರು ನಿಮಿಷವೂ ಆಗಿರಲಿಲ್ಲ, ಒಳಗಿನಿಂದ, "ಅಜ್ಜಾ, ನಿಲ್ಲಿಸು! ಗಾಳಿ ಬರೋ ಪೆಟ್ಟಿಗೆ ಕೆಳಗಿಂದ ಇಳೀತಾ ಇದೆ" ಎಂಬ ಕೂಗು ಕೇಳಿತು. ನಿಲ್ಲಿಸಿದೆವು; ಸ್ವಲ್ಪ ಹೊತ್ತಿಗೆ ಹರಿವೂ ನಿಂತಿತು. ಮತ್ತೆ ಬಿಟ್ಟೆವು, ಮತ್ತೆ ಬಂದಿತು. ಅನ್ವಯವೂ ಆಯಿತು, ವ್ಯತಿರೇಕವೂ ಆಯಿತು.

ಬಾನೆಟ್ಟನ್ನು ಎತ್ತಿ ಜಾಲರಿಯ ಮುಚ್ಚಳವನ್ನು ಬಿಚ್ಚಿದಾಗ ಕಂಡುದು ಹೊಂಗೆಯ ಹೂವು. ನಮ್ಮ ಅಂಗಳದ ಹೊಂಗೆಮರ ಬೇಸಿಗೆಯಲ್ಲಿ ಕಾರಿಗೆ ನೆರಳು ಕೊಡುತ್ತದೆ. ಯುಗಾದಿಯ ನಂತರ ಹರಳು ಚೆಲ್ಲಿದಂತೆ ಸಣ್ಣ ಹೂವುಗಳನ್ನೂ ಸುರಿಸುತ್ತದೆ. ಆ ಹೂವೂ ಎಲೆಯೂ ಧೂಳೂ ದೋಣಿಯಲ್ಲಿ ಸೇರಿ ಕೊಳೆತು ಕಪ್ಪು ಗೋಡಾಗಿ ಎಡಗಡೆಯ ಕಂಡಿಯನ್ನು ಮುಚ್ಚಿದ್ದುವು. ಹೊರಹೋಗಲಾರದ ನೀರು ಮಟ್ಟ ಏರಿ, ಗಾಳಿ ಒಳಹೋಗುವ ಬಾಯಿಯಿಂದ ಮಗುವಿನ ಕಾಲಡಿಗೆ ಇಳಿಯುತ್ತಿತ್ತು. ಗೋಡನ್ನು ಕೈಯಿಂದ ತೋಡಿ ತೆಗೆದು, ಕಂಡಿಯ ರಬ್ಬರನ್ನು ಬೆರಳಿನಿಂದ ಬಿಡಿಸಿ, ಒಂದು ತಂಬಿಗೆ ನೀರು ಸುರಿದೆವು. ಎಡಚಕ್ರದ ಹಿಂದೆ ಧಾರೆಯಾಗಿ ನೆಲಕ್ಕೆ ಬಿದ್ದಿತು. ಖರ್ಚಾದುದು ಸೀಮೆಸುಣ್ಣದ ಎರಡು ಕಡ್ಡಿ.

ದಾರಿ ತೆರೆದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ಕಾರ್ಪೆಟ್ಟಿನ ಕೆಳಗೆ ದಪ್ಪನಾದ ಸ್ಪಂಜಿನ ಹಾಸು ಇರುತ್ತದೆ. ಮೇಲ್ಗಡೆ ಒಣಗಿದಂತೆ ತೋರಿದರೂ ಅದು ವಾರಗಟ್ಟಲೆ ನೀರನ್ನು ಹಿಡಿದಿರುತ್ತದೆ. ಒದ್ದೆಯಾದ ಹಾಸಿನಲ್ಲಿ ಒಂದೆರಡು ದಿನದೊಳಗೇ ಬೂಷ್ಟು ಬೇರೂರಬಹುದು. ತಗಡಿಗೂ ತುಕ್ಕು ಹತ್ತುತ್ತದೆ. ಆದುದರಿಂದ ಹಾಸನ್ನು ಎತ್ತಿ, ಕೆಳಗೆ ಹಳೆಯ ವೃತ್ತಪತ್ರಿಕೆಗಳನ್ನು ತುರುಕಿ ಬದಲಿಸುತ್ತ, ಬಾಗಿಲು ತೆರೆದು, ಫ್ಯಾನಿನ ಗಾಳಿ ಹಿಡಿಸಿ, ಬಿಸಿಲು ಬಂದಾಗ ಹೊರಗಿಟ್ಟು, ಸಂಪೂರ್ಣವಾಗಿ ಒಣಗಿಸಬೇಕು. ನಮಗೆ ಐದು ದಿನ ಹಿಡಿಯಿತು. ಬೂಷ್ಟು ಬಲವಾಗಿ ಹಿಡಿದ ತುಂಡನ್ನು ಎಸೆದುಬಿಡುವುದೇ ಮೇಲು. ಉಬ್ಬಸವಿರುವವರು ಈ ಕೆಲಸದ ಬಳಿ ಇರಕೂಡದು. ಮಾಡುವವರೂ ಮೂಗಿಗೆ ಬಟ್ಟೆ ಕಟ್ಟಿಕೊಳ್ಳಬೇಕು.

ಎಚ್ಚರಿಕೆಯ ಮಾತೂ ಕೆಲವುಂಟು. ಈಗಿನ ಕಾರುಗಳಲ್ಲಿ ಆಸನದ ಕೆಳಗೂ ಕಾರ್ಪೆಟ್ಟಿನ ಕೆಳಗೂ ವಿದ್ಯುತ್ ತಂತಿಗಳಿರುತ್ತವೆ. ಹಳದಿ ಬಣ್ಣದ ಜೋಡಣೆಗಳು ಸಾಮಾನ್ಯವಾಗಿ ಏರ್‌ಬ್ಯಾಗಿಗೆ ಸೇರಿದವು. ವಿದ್ಯುತ್ ಕಾರುಗಳ ಕಿತ್ತಳೆ ಬಣ್ಣದ ತಂತಿಗಳಲ್ಲಿ ಪ್ರಾಣಾಂತಿಕವಾದ ಶಕ್ತಿಯಿರುತ್ತದೆ. ಇವೆರಡನ್ನೂ ಮನೆಯಲ್ಲಿ ಮುಟ್ಟತಕ್ಕದ್ದಲ್ಲ. ಮಾಡಿನ ಕಿಟಕಿಯ ಕೊಳವೆಗಳಿಗೆ ಗಟ್ಟಿ ತಂತಿಯನ್ನು ತೂರಿಸಿದರೆ ಕೊಳವೆ ಒಳಗೇ ಕಳಚಿ, ಇಲ್ಲದ ಸೋರಿಕೆ ಹುಟ್ಟುವುದು. ಕಂಡಿಗಳೆಲ್ಲ ತೆರೆದಿದ್ದೂ ಗಾಜಿನ ಅಂಚಿನಿಂದಲೇ ಗೆರೆ ಮೂಡಿದರೆ, ಗಾಜನ್ನು ತೆಗೆದು ಮತ್ತೆ ಅಂಟಿಸುವ ಕೆಲಸವನ್ನು ಬಲ್ಲವರಿಗೇ ಬಿಡಬೇಕು. ಆಗಲೂ ಗೆರೆ ಇಂತಹ ಕಡೆ ಮೂಡಿತೆಂದು ತೋರಿಸಿ ಕೇಳುವ ಗೃಹಸ್ಥನಿಗೆ ವೃಥಾ ವೆಚ್ಚ ತಪ್ಪುತ್ತದೆ.

ಆ ಬಳಿಕ ಹೊಳೆ ಎರಡು ಬಾರಿ ತುಂಬಿ ಇಳಿಯಿತು; ಕಾರಿನೊಳಗೆ ಹಾಸಿದ್ದ ಪತ್ರಿಕೆ ಒಣಗಿಯೇ ಇದ್ದಿತು. ಹುಡುಗನ ಕೆಮ್ಮಿಗೆ ಆ ಬೂಷ್ಟೊಂದೇ ಕಾರಣವೆಂದು ಹೇಳಲು ನಾವು ವೈದ್ಯರಲ್ಲ, ಔಷಧವೂ ನಡೆದಿತ್ತು. ರಾತ್ರಿ ಅವನೂ ಅವನ ತಾಯಿಯೂ ಎಚ್ಚರವಿಲ್ಲದೆ ನಿದ್ರಿಸುತ್ತಾರೆಂಬುದಷ್ಟನ್ನು ಮಾತ್ರ ಬಲ್ಲೆವು.

ರೋಹಿಣಿ ಮಳೆಗೆ ಮುಂಚೆ ರೈತನು ಹೊಲದ ಬದುವನ್ನು ನೋಡಿಬರುವನು. ಗೃಹಿಣಿಯು ಮಾಳಿಗೆಯ ದೋಣಿಯ ಕಸವನ್ನು ತೆಗೆಯಿಸುವಳು. ಕಾರುಳ್ಳವರು ಅದೇ ದಿನ ಬಾನೆಟ್ಟನ್ನೆತ್ತಿ ಗಾಜಿನ ಬುಡದ ಕಸವನ್ನು ಆಯ್ದು, ಎರಡು ಪಕ್ಕಕ್ಕೂ ಒಂದೊಂದು ತಂಬಿಗೆ ನೀರು ಸುರಿದು, ಅದು ನೆಲಕ್ಕೆ ಬಿದ್ದುದನ್ನು ಕಣ್ಣಾರೆ ಕಂಡುಕೊಳ್ಳಲಿ. ಬಾಗಿಲ ತಳದ ರಂಧ್ರಗಳನ್ನು ಒಂದು ಕಡ್ಡಿಯಿಂದ ಬಿಡಿಸಲಿ. ಕಾಲು ಗಂಟೆಯ ಕೆಲಸ. ಮಕ್ಕಳನ್ನೂ ಜೊತೆಗೆ ಕರೆದುಕೊಂಡರೆ ಅವರಿಗೂ ಒಂದು ಪಾಠವಾಗುವುದು.