ಬ್ರಾಡ್‌ಬಾಲ್ಕ್ ಹೊಲದ ಗೋಧಿ

ಲಂಡನ್ ನಗರಕ್ಕೆ ಹೋದವರು ಅರಮನೆಗಳನ್ನೂ ಗೋಪುರಗಳನ್ನೂ ನೋಡಿ ಬರುವುದು ವಾಡಿಕೆ. ಅಲ್ಲಿಂದ ಉತ್ತರಕ್ಕೆ ಸುಮಾರು 25 ಮೈಲಿ ದೂರದ ಹಾರ್ಪೆಂಡನ್ ಎಂಬ ಊರಿಗೆ ರೈಲು ಹತ್ತುವವರು ವಿರಳ. ಆ ಊರಿನ ಅಂಚಿನಲ್ಲಿ ರಾಥಮ್‌ಸ್ಟೆಡ್ ಎಂಬ ಹಳೆಯ ಜಮೀನ್ದಾರಿ. ಅದರಲ್ಲಿ ಬ್ರಾಡ್‌ಬಾಲ್ಕ್ ಎಂಬ ಹೊಲ. ನೋಡುವುದಕ್ಕೆ ಅಲ್ಲಿ ಗೋಧಿಯ ಪೈರಿನ ಹೊರತು ಹೆಚ್ಚಿನದೇನೂ ಇಲ್ಲ. ಆದರೆ ಇಂದು ಅಂಗಡಿಯಲ್ಲಿ ಸಾವಯವ ಗೋಧಿಗೆ ಹೆಚ್ಚಿನ ಬೆಲೆ ತೆರುವ ಗೃಹಿಣಿಯ ಮನಸ್ಸಿನಲ್ಲೇಳುವ ಪ್ರಶ್ನೆಯನ್ನು ಈ ಮಣ್ಣು 1843ರಿಂದಲೂ ಕೇಳುತ್ತ ಬಂದಿದೆ: ಗೊಬ್ಬರ ಬೇರೆಯಾದರೆ ಕಾಳಿನ ಗುಣವೂ ಬೇರೆಯಾದೀತೇ?

ಬೇಸಗೆಯಲ್ಲಿ ಹೊಲದ ಅಂಚಿನಲ್ಲಿ ನಡೆದು ಹೋಗುವವನಿಗೆ ಪೈರಿನ ಬಣ್ಣ ಪಟ್ಟಿಪಟ್ಟಿಯಾಗಿ ಬದಲಾಗುವುದು ಕಾಣುತ್ತದೆ. ಒಂದು ಪಟ್ಟಿಗೆ ಅಂದಿನಿಂದ ಇಂದಿನವರೆಗೆ ಯಾವ ಗೊಬ್ಬರವೂ ಬಿದ್ದಿಲ್ಲ. ಅಲ್ಲಿ ಪೈರು ತೆಳ್ಳಗೆ, ಬಿಳಿಚಿಕೊಂಡು ನಿಂತಿರುತ್ತದೆ. ಎಕರೆಗೆ ಸುಮಾರು ನಾಲ್ಕು ಕ್ವಿಂಟಲ್ ಕಾಳು ದೊರೆತರೆ ಹೆಚ್ಚು. ಇನ್ನೊಂದಕ್ಕೆ ವರ್ಷಂಪ್ರತಿ ಎಕರೆಗೆ 14 ಟನ್ನಿನಷ್ಟು ಕೊಟ್ಟಿಗೆ ಗೊಬ್ಬರ. ಉಳಿದವುಗಳಿಗೆ ಸಾರಜನಕ, ರಂಜಕ, ಪೊಟ್ಯಾಷ್ ಮುಂತಾದ ರಾಸಾಯನಿಕ ಗೊಬ್ಬರಗಳು ಬಗೆಬಗೆಯ ಪ್ರಮಾಣದಲ್ಲಿ. ಕಳೆನಾಶಕವನ್ನೇ ಕಾಣದ ಒಂದು ಭಾಗದಲ್ಲಿ ಕೆಂಪು ಗಸಗಸೆ ಹೂಗಳು ಗೋಧಿಯೊಡನೆ ತಲೆದೂಗುತ್ತವೆ.

ಈ ಪ್ರಯೋಗವನ್ನು ಹೂಡಿದವನು ಜಾನ್ ಬೆನೆಟ್ ಲಾಸ್. 1842ರಲ್ಲಿ ಸೂಪರ್‌ಫಾಸ್ಫೇಟ್ ತಯಾರಿಕೆಗೆ ಪೇಟೆಂಟ್ ಪಡೆದು ಗೊಬ್ಬರದ ಕಾರ್ಖಾನೆ ನಡೆಸಿದವನೂ ಇವನೇ. ಆದರೂ ಅವನೂ ರಸಾಯನ ಶಾಸ್ತ್ರಜ್ಞ ಜೋಸೆಫ್ ಹೆನ್ರಿ ಗಿಲ್ಬರ್ಟನೂ ದನದ ಗೊಬ್ಬರವನ್ನು ಪಂಕ್ತಿಯಿಂದ ಹೊರಗಿಡಲಿಲ್ಲ. ಒಳ್ಳೆಯ ಪ್ರಮಾಣದಲ್ಲಿ ರಾಸಾಯನಿಕ ಗೊಬ್ಬರ ಪಡೆದ ಪಟ್ಟಿಗೂ ಕೊಟ್ಟಿಗೆ ಗೊಬ್ಬರದ ಪಟ್ಟಿಗೂ ಇಳುವರಿಯಲ್ಲಿ ನೂರು ವರ್ಷಕ್ಕೂ ಮಿಕ್ಕಿ ಹೆಚ್ಚು ಅಂತರವಿರಲಿಲ್ಲ. ಅಂತರ ಬಿದ್ದದ್ದು ಮಣ್ಣಿನಲ್ಲಿ: ಕೊಟ್ಟಿಗೆ ಗೊಬ್ಬರದ ಪಟ್ಟಿಯಲ್ಲಿ ಜೀವಾಂಶದ ಇಂಗಾಲ ಎರಡು ಪಟ್ಟಿಗೂ ಹೆಚ್ಚಾಯಿತು.

ಈ ಹೊಲವನ್ನು ಒಪ್ಪದವರೂ ಇದ್ದರು. ಅವರಲ್ಲಿ ಪ್ರಮುಖ ಆಲ್ಬರ್ಟ್ ಹೊವಾರ್ಡ್. ಬಿಹಾರದ ಪೂಸಾದಲ್ಲಿ ಪತ್ನಿ ಗೇಬ್ರಿಯೆಲ್ ಅವರೊಡನೆ ಹೊಸ ಗೋಧಿ ತಳಿಗಳನ್ನು ರೂಪಿಸಿ, ಮುಂದೆ ಇಂದೂರಿನಲ್ಲಿ ಕಾಂಪೋಸ್ಟ್ ಮಾಡುವ ವಿಧಾನವನ್ನು ಕಂಡುಕೊಂಡ ಆತ 1940ರ ತನ್ನ ಗ್ರಂಥದಲ್ಲಿ ರಾಥಮ್‌ಸ್ಟೆಡ್ಡಿನ ಪದ್ಧತಿಯನ್ನು ಕಟುವಾಗಿ ಟೀಕಿಸಿದ. ಸಾವಯವ ಕೃಷಿಯ ಪ್ರವರ್ತಕನೆಂದು ಜಗತ್ತು ಕೊಂಡಾಡುವ ಈತನ ಪಾಠಶಾಲೆ ಭಾರತದ ಹೊಲಗಳೇ ಆಗಿದ್ದವು.

ಹಾಗಾದರೆ ಕಾಳಿನ ಗುಣದ ಮಾತೇನು? ಉತ್ತರ ದೊರೆತದ್ದು ಹೊಲದಲ್ಲಲ್ಲ, ರಾಥಮ್‌ಸ್ಟೆಡ್ಡಿನ ಉಗ್ರಾಣದಲ್ಲಿ. ಅಲ್ಲಿ ಮೂರು ಲಕ್ಷಕ್ಕೂ ಹೆಚ್ಚು ಮಾದರಿಗಳು, ಕಾಳು, ಹುಲ್ಲು, ಮಣ್ಣು, ಸಾಲುಸಾಲಾಗಿ ಇರಿಸಲ್ಪಟ್ಟಿವೆ. ಆ ಹಳೆಯ ಕಾಳುಗಳನ್ನು ಪರೀಕ್ಷಿಸಿದ ವಿಜ್ಞಾನಿಗಳು 2008ರಲ್ಲಿ ಪ್ರಕಟಿಸಿದ ಸಂಗತಿ ಕುತೂಹಲಕರವಾದುದು. 1845ರಿಂದ 1960ರ ದಶಕದ ಮಧ್ಯದವರೆಗೆ ಗೋಧಿಯಲ್ಲಿ ಸತು, ಕಬ್ಬಿಣ, ತಾಮ್ರ, ಮೆಗ್ನೀಸಿಯಮ್ ಹೆಚ್ಚುಕಡಿಮೆ ಒಂದೇ ಸಮನಾಗಿದ್ದವು. ಗಿಡ್ಡ ಕಾಂಡದ, ಹೆಚ್ಚು ಇಳುವರಿಯ ತಳಿಗಳು ಬಂದ ಮೇಲೆ ಅವು ಇಳಿದವು. ರಾಸಾಯನಿಕ ಗೊಬ್ಬರದ ಪಟ್ಟಿಯಲ್ಲಿ ಇಳಿದಂತೆಯೇ ಕೊಟ್ಟಿಗೆ ಗೊಬ್ಬರದ ಪಟ್ಟಿಯಲ್ಲೂ, ಗೊಬ್ಬರವೇ ಇಲ್ಲದ ಪಟ್ಟಿಯಲ್ಲೂ ಇಳಿದವು. ಮಣ್ಣು ಬಡವಾಗಿರಲಿಲ್ಲ, ಬೀಜ ಬದಲಾಗಿತ್ತು. 1966ರಲ್ಲಿ ಮೆಕ್ಸಿಕೋದಿಂದ 18,000 ಟನ್ ಗಿಡ್ಡ ಗೋಧಿಯ ಬೀಜ ತರಿಸಿ ಹಸಿವನ್ನು ಹಿಮ್ಮೆಟ್ಟಿಸಿದ ಭಾರತಕ್ಕೂ ಈ ಮಾತು ದೂರದ್ದಲ್ಲ.

ಹಾಗೆಂದು ಸಾವಯವ ಗೋಧಿಯೂ ಇತರ ಗೋಧಿಯೂ ಒಂದೇ ಎಂದಲ್ಲ. ಸಾವಯವ ಗೋಧಿಯಲ್ಲಿ ಕೀಟನಾಶಕದ ಶೇಷ ಕಡಿಮೆ. ಪ್ರೋಟೀನೂ ಸಾಮಾನ್ಯವಾಗಿ ತುಸು ಕಡಿಮೆಯೇ, ಏಕೆಂದರೆ ಕೊಟ್ಟಿಗೆ ಗೊಬ್ಬರದ ಸಾರಜನಕ ನಿಧಾನವಾಗಿ ಬಿಡುಗಡೆಯಾಗುತ್ತದೆ. ಉಬ್ಬಿ ನಿಲ್ಲಬೇಕಾದ ಬ್ರೆಡ್ಡಿಗೆ ಇದು ಕೊರತೆ. ಚಪಾತಿಗೆ ಅಷ್ಟು ಬಿಗಿ ಬೇಕಿಲ್ಲ. ಬ್ರಾಡ್‌ಬಾಲ್ಕಿನ ಕೊಟ್ಟಿಗೆ ಗೊಬ್ಬರದ ಪಟ್ಟಿಯೂ ಇಂದಿನ ಅರ್ಥದಲ್ಲಿ ಪೂರ್ಣ ಸಾವಯವವಲ್ಲ. ಅದರ ಬಹುಭಾಗಕ್ಕೆ ಕಳೆನಾಶಕ ಬೀಳುತ್ತದೆ. ಆದ್ದರಿಂದ ಆ ಹೊಲ ನುಡಿಯುವ ಸಾಕ್ಷ್ಯ ಗೊಬ್ಬರದ ವಿಷಯಕ್ಕೆ ಮಾತ್ರ ಸಲ್ಲುತ್ತದೆ.

ಆ ಸಾಕ್ಷ್ಯವಾದರೂ ಸ್ಪಷ್ಟ. ಕೊಟ್ಟಿಗೆ ಗೊಬ್ಬರಕ್ಕೆ ತೆತ್ತ ಬೆಲೆ ಮುಖ್ಯವಾಗಿ ಮಣ್ಣಿಗೆ ಸಲ್ಲುತ್ತದೆ, ಮಕ್ಕಳ ಮುಂದಿನ ಕಾಲಕ್ಕೆ ಸಲ್ಲುತ್ತದೆ. ತಟ್ಟೆಯೊಳಗಿನ ಸತ್ತ್ವವನ್ನು ತಳಿಯೂ ನಿರ್ಧರಿಸುತ್ತದೆ. ಉತ್ತರ ಕರ್ನಾಟಕದ ಗೃಹಿಣಿಯರು ಮಾದಲಿಗೆ ಜವೆ ಗೋಧಿಯನ್ನೇ ಹೆಸರು ಹಿಡಿದು ಕೇಳುವ ರೂಢಿ ಅರ್ಥವಿಲ್ಲದ್ದಲ್ಲ. ಗೋಧಿ ಕೊಳ್ಳುವಾಗ ‘ಯಾವ ಗೊಬ್ಬರದ್ದು?’ ಎಂದು ಕೇಳಬೇಕಾದುದೇ. ಜೊತೆಗೆ ‘ಯಾವ ತಳಿಯದು?’ ಎಂಬ ಪ್ರಶ್ನೆಯನ್ನೂ ಮರೆಯಬಾರದು.