ಜೀರ್ಣೋದ್ಧಾರದ ಲೆಕ್ಕ

ಹೊಸದನ್ನು ಕಟ್ಟಿಸುವುದಕ್ಕಿಂತ ಜೀರ್ಣವಾದುದನ್ನು ಉದ್ಧರಿಸುವುದು ಮಿಗಿಲಾದ ಪುಣ್ಯವೆಂದು ಜೈನ ಸಮಾಜದ ಹಿರಿಯರು ಹೇಳುತ್ತ ಬಂದಿದ್ದಾರೆ. ಬಸದಿಯ ವಿಷಯದಲ್ಲಿ ಈ ಮಾತು ಎಲ್ಲರಿಗೂ ಒಪ್ಪಿತ. ಆದರೆ ಉದ್ಧಾರಕ್ಕೆ ಕೈಹಾಕಿದವನು ಉಳಿಸಹೊರಟಿರುವುದು ವಸ್ತುವನ್ನೋ, ಅದರ ಹಿಂದಿನ ಉದ್ದೇಶವನ್ನೋ, ಅಥವಾ ತನ್ನ ಹೆಸರನ್ನೋ ಎಂಬುದು ಕೆಲಸ ಮುಗಿಯುವವರೆಗೂ ಅವನಿಗೇ ತಿಳಿಯದೆ ಇರಬಹುದು. ಕಲಬುರಗಿಯ ಒಬ್ಬ ವರ್ತಕರಿಗೆ ಇದು ತಿಳಿದದ್ದು ಬಸದಿಯ ಕಲ್ಲಿನಿಂದಲ್ಲ, ಒಂದು ಹಳೆಯ ಅಲ್ಯೂಮಿನಿಯಂ ತಗಡಿನ ಕೋಣೆಯಿಂದ.

ಆ ವರ್ತಕರದು ಗಂಜಿನಲ್ಲಿ ತೊಗರಿಬೇಳೆಯ ಸಗಟು ವ್ಯಾಪಾರ. 1967ರಲ್ಲಿ ಶ್ರವಣಬೆಳಗೊಳದಲ್ಲಿ ಭಗವಾನ್ ಬಾಹುಬಲಿಯ ಮಹಾಮಸ್ತಕಾಭಿಷೇಕ ನಡೆದಾಗ ಅವರ ತಂದೆಯವರು ಈ ಕೋಣೆಯನ್ನು ಮಾಡಿಸಿದ್ದರು. ಹತ್ತು ಅಡಿ ಉದ್ದ, ಆರು ಅಡಿ ಅಗಲ. ಸಾಗವಾನಿಯ ಚೌಕಟ್ಟಿನ ಮೇಲೆ ತಗಡು ಹೊದಿಸಿ ರಿವೆಟು ಹೊಡೆದ ಈ ಕೋಣೆಯನ್ನು ಲಾರಿಯ ಹಿಂಭಾಗದ ಮೇಲೇರಿಸಿ ನಾಲ್ಕು ಬೋಲ್ಟುಗಳಿಂದ ಬಿಗಿದರೆ ಅದು ಸಂಚಾರದ ಮನೆ; ಇಳಿಸಿಟ್ಟರೆ ಲಾರಿ ಮತ್ತೆ ಬೇಳೆಯ ಚೀಲ ಹೊರಲು ಸಿದ್ಧ. 500 ಕಿಲೋಮೀಟರಿಗೂ ಮಿಕ್ಕ ದಾರಿ. ಸೂರ್ಯಾಸ್ತಕ್ಕೆ ಮೊದಲೇ ಊಟ ಮುಗಿಯಬೇಕು, ನೀರನ್ನು ಸೋಸಿ ಕುಡಿಯಬೇಕು, ಕಂದಮೂಲ ಕೂಡದು. ಅಂದಿನ ಹೆದ್ದಾರಿಯ ಖಾನಾವಳಿಗಳಲ್ಲಿ ಈ ನಿಯಮಗಳು ನಡೆಯುವಂತಿರಲಿಲ್ಲ. ಆದ್ದರಿಂದ ಕೋಣೆಯ ಒಂದು ಬದಿಯಲ್ಲಿ ಒಲೆಯ ಕಟ್ಟೆ, ನೀರಿನ ಹಂಡೆ, ಪಾತ್ರೆಗಳ ಗೂಡು. ಇನ್ನೊಂದು ಬದಿಯಲ್ಲಿ ವೃದ್ಧರಿಗೂ ಬಾಣಂತಿಯರಿಗೂ ಮಲಗಲು ಎರಡು ಹಲಗೆ. ಉಳಿದವರು ರಾತ್ರಿ ಬಯಲಿನಲ್ಲಿ ಡೇರೆ ಹಾಕಿಕೊಳ್ಳುತ್ತಿದ್ದರು.

ಅಲ್ಯೂಮಿನಿಯಮ್ಮೇ ಏಕೆ ಎಂಬುದಕ್ಕೆ ಕಾರಣ ಸರಳ. ಅದರ ತೂಕ ಉಕ್ಕಿನ ತೂಕದ ಸುಮಾರು ಮೂರನೆಯ ಒಂದು ಭಾಗ. ವಿಮಾನದ ಮೈಯನ್ನು ತಗಡು ಮತ್ತು ರಿವೆಟುಗಳಿಂದ ಹೊಲಿಯುವ ವಿದ್ಯೆಯೇ ಇಂತಹ ಕೋಣೆಗಳ ಮೂಲ. ಅಮೆರಿಕದಲ್ಲಿ 1930ರ ದಶಕದಲ್ಲಿ ಗ್ಲೈಡರುಗಳನ್ನು ರಚಿಸುತ್ತಿದ್ದ ಹಾಲಿ ಬೌಲಸ್ ಎಂಬವರು ಅದೇ ವಿದ್ಯೆಯಿಂದ ವಾಹನದ ಹಿಂದೆ ಎಳೆಯುವ ಮನೆಯನ್ನು ಮಾಡಿದರು; 1936ರಲ್ಲಿ ವಾಲಿ ಬಯಾಮರ ಏರ್‌ಸ್ಟ್ರೀಮ್ ಸಂಸ್ಥೆ ಆ ದಾರಿಯಲ್ಲಿ ಮುಂದುವರಿಯಿತು. ಕನ್ನಡ ನಾಡಿಗೆ ಈ ವಿದ್ಯೆ ಬಂದ ಬಗೆಯಲ್ಲಿ ಜೈನ ಓದುಗರು ನೆನೆಯಬೇಕಾದ ಹೆಸರೊಂದಿದೆ. ನೆರೆಯ ಸೊಲ್ಲಾಪುರದಲ್ಲಿ 1882ರಲ್ಲಿ ದಿಗಂಬರ ಜೈನ ಮನೆತನದಲ್ಲಿ ಜನಿಸಿದ ವಾಲಚಂದ ಹಿರಾಚಂದರು ಮೈಸೂರು ಸಂಸ್ಥಾನದ ಸಹಭಾಗಿತ್ವದಲ್ಲಿ 1940ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯನ್ನು ಸ್ಥಾಪಿಸಿದರು. ಮಹಾಯುದ್ಧ ಮುಗಿದು ವಿಮಾನದ ಕೆಲಸ ಕಡಿಮೆಯಾದಾಗ ಅದೇ ಕಾರ್ಖಾನೆಯಲ್ಲಿ ರೈಲು ಡಬ್ಬಿಗಳೂ ಬಸ್ಸುಗಳ ಮೈಕಟ್ಟೂ ತಯಾರಾದವು. ಕೋಣೆಯನ್ನು ಕಟ್ಟಿದ ಮಿಸ್ತ್ರಿ ಬೆಂಗಳೂರಿನಲ್ಲಿ ಬಸ್ಸಿನ ಮೈಕಟ್ಟುವ ಕೆಲಸ ಕಲಿತು ಬಂದವನು. ಅದನ್ನು ಹೊತ್ತ ಫಾರ್ಗೋ ಲಾರಿ ವಾಲಚಂದರೇ 1944ರಲ್ಲಿ ಸ್ಥಾಪಿಸಿದ ಪ್ರೀಮಿಯರ್ ಆಟೋಮೊಬೈಲ್ಸಿನ ಮುಂಬಯಿ ಕಾರ್ಖಾನೆಯಿಂದ ಬಂದದ್ದು.

ಕೋಣೆ 1981ರಲ್ಲಿ, ಸಹಸ್ರಾಬ್ದಿಯ ಮಹಾಮಸ್ತಕಾಭಿಷೇಕಕ್ಕೆ ಇನ್ನೊಮ್ಮೆ ಪ್ರಯಾಣ ಮಾಡಿತು. ಆಮೇಲೆ ಲಾರಿ ಗುಜರಿಗೆ ಹೋಯಿತು. ಕೋಣೆಯನ್ನು ಹುಮನಾಬಾದ್ ರಸ್ತೆಯಲ್ಲಿರುವ ಕಮಲಾಪುರದ ತೋಟದಲ್ಲಿ, ಆ ಊರಿಗೆ ಹೆಸರು ತಂದ ಕೆಂಬಾಳೆಯ ಗಿಡಗಳ ನಡುವೆ, ಕಲ್ಲುಗಳ ಮೇಲೆ ಕೂರಿಸಲಾಯಿತು. ತಂದೆಯವರು ತೀರಿಕೊಂಡರು. ಮಗ ಗಂಜಿನ ವ್ಯವಹಾರದಲ್ಲಿ ಮುಳುಗಿದರು. 2023ರ ಬೇಸಿಗೆಯಲ್ಲಿ ತೋಟದ ಪಾಲುಪತ್ರಕ್ಕಾಗಿ ಕಮಲಾಪುರಕ್ಕೆ ಹೋದಾಗ ಅದು ಅವರ ಕಣ್ಣಿಗೆ ಬಿತ್ತು.

ನೋಡಿದಾಕ್ಷಣ ಅವರಿಗೆ ಬಂದದ್ದು ಕೋಪ. ಮಾಳಿಗೆಯ ಉದ್ದಕ್ಕೂ ಯಾರೋ ಡಾಂಬರು ಬಳಿದು ಹಳೆಯ ಬಟ್ಟೆ ಮೆತ್ತಿದ್ದರು. "ತಂದೆಯವರ ವಸ್ತುವನ್ನು ಹಾಳುಗೆಡವಿದ್ದಾರೆ" ಎಂದು ಗೊಣಗುತ್ತ ಅವರು ಕಲಬುರಗಿಗೆ ಮರಳಿ, ಲಾರಿಗಳ ಮೈಕಟ್ಟುವ ಒಬ್ಬ ವೃದ್ಧ ಮಿಸ್ತ್ರಿಯನ್ನು ಕರೆತಂದರು. ಆದರೆ ಕೆಲಸ ಕೂಡಲೇ ತೊಡಗಲಿಲ್ಲ. ಗೋಡೆಯ ಸಂದುಗಳಲ್ಲಿ ಕಣಜಗಳ ಮಣ್ಣಿನ ಗೂಡುಗಳಿದ್ದವು, ನೆಲಹಲಗೆಯ ಅಡಿಯಲ್ಲಿ ಇರುವೆಗಳ ಸಾಲು. ಮರಿಗಳು ಹಾರಿಹೋಗುವ ತನಕ ಕಾಯುವುದೆಂದು ತೀರ್ಮಾನವಾಯಿತು. ಅಷ್ಟರಲ್ಲಿ ಚಾತುರ್ಮಾಸ ಬಂದಿತು. ಮಿಸ್ತ್ರಿಗೆ ಮುಂಗಡ ಕೊಟ್ಟಾಗಿತ್ತು. ಅವನು ನಕ್ಕು, "ನಿಮ್ಮ ಹುಳಾ ಹಾರಲಿ ಸೇಠಜೀ, ನನಗೇನೂ ಅವಸರಿಲ್ಲ" ಎಂದ. ದೀಪಾವಳಿ ಕಳೆದ ಮೇಲೆ ಕೆಲಸ ಪ್ರಾರಂಭವಾಯಿತು.

ಅಲ್ಯೂಮಿನಿಯಂ ತುಕ್ಕು ಹಿಡಿಯುವುದಿಲ್ಲವೆಂಬ ನಂಬಿಕೆ ಅರ್ಧ ಸತ್ಯ. ಗಾಳಿ ತಾಗಿದೊಡನೆ ಅದರ ಮೇಲೆ ತೆಳುವಾದೊಂದು ಪದರ ಮೂಡಿ ಒಳಗಿನ ಲೋಹವನ್ನು ಕಾಯುತ್ತದೆ. ಆದರೆ ಉಕ್ಕಿನ ಬೋಲ್ಟು ತಾಗಿ, ನಡುವೆ ತೇವ ಸೇರಿದರೆ ಅಲ್ಲಿ ಸಣ್ಣ ವಿದ್ಯುತ್ಕೋಶವೇ ಏರ್ಪಟ್ಟು ಅಲ್ಯೂಮಿನಿಯಂ ಬಿಳಿಯ ಪುಡಿಯಾಗಿ ಸವೆಯುತ್ತದೆ. ಕೋಣೆಯ ನಾಲ್ಕು ಮೂಲೆಗಳೂ ಹೀಗೆ ತಿಂದುಹೋಗಿದ್ದವು. ಮಿಸ್ತ್ರಿ ಸಡಿಲವಾದ ರಿವೆಟಿನ ತಲೆಯನ್ನಷ್ಟೇ ಬೈರಿಗೆಯಿಂದ ಕೊರೆದು, ರಂಧ್ರ ಹಿಗ್ಗದಂತೆ ಕಾಂಡವನ್ನು ತಟ್ಟಿ ಹೊರದೂಡುತ್ತಿದ್ದ. ಹೊಸ ರಿವೆಟಿಗೆ ಹೊರಗೊಬ್ಬ ಸುತ್ತಿಗೆ ಹಿಡಿಯಬೇಕು, ಒಳಗೊಬ್ಬ ಕಬ್ಬಿಣದ ಗಟ್ಟಿಯನ್ನು ಒತ್ತಿ ಹಿಡಿಯಬೇಕು. ಒಳಗಿನವನ ಕೈ ಕದಲಿದರೆ ಹೊರಗಿನವನ ಪೆಟ್ಟು ವ್ಯರ್ಥ. ಉಕ್ಕು ತಾಗುವಲ್ಲೆಲ್ಲ ನಡುವೆ ರಬ್ಬರಿನ ಬಿಲ್ಲೆ ಇಡಲಾಯಿತು. ಕಾಸ್ಟಿಕ್ ಸೋಡಾ ಈ ಲೋಹವನ್ನೇ ಕರಗಿಸುವುದರಿಂದ ಬರಿಯ ಸಾಬೂನು ನೀರಿನಿಂದ ತೊಳೆದರು. ಸೋರಿಕೆ ಹುಡುಕಲು ಮೊದಲು ಕೆಳಗಿನ ಬೆಸುಗೆಸಾಲಿಗೆ, ಆಮೇಲೆ ಮೇಲಿನದಕ್ಕೆ ನೀರು ಹಾಯಿಸಿದರು. ಮೇಲಿನಿಂದ ಪ್ರಾರಂಭಿಸಿದರೆ ಇಳಿದು ಬಂದ ನೀರು ದೋಷದ ಸ್ಥಾನವನ್ನು ಮರೆಸಿಬಿಡುತ್ತದೆ.

ವರ್ತಕರು ಕನ್ನಡಿಯಂತಹ ಹೊಳಪನ್ನು ಬಯಸಿದರು. ಮಿಸ್ತ್ರಿ ಕೇಳಿದ: "ಹೊಳಪು ಬೇಕೋ, ಬಾಳಿಕಿ ಬೇಕೋ ಸೇಠಜೀ? ಒಮ್ಮಿ ಪಾಲಿಶ್ ಹೊಡದ್ರ ತಗಡು ಒಂದು ಕೂದಲೆಳಿಯಷ್ಟು ಸವೀತದ." ವರ್ತಕರು ಉತ್ತರಿಸಲಿಲ್ಲ. ಪಾಲಿಶ್ ಆಯಿತು.

ಹೊಳಪಿನ ಸುದ್ದಿ ದೂರ ಹೋಯಿತು. ಪರಊರಿನ ವಿಶ್ರಾಂತಿಧಾಮವೊಂದರ ಒಡೆಯರು ಬಂದು ನೋಡಿ 4 ಲಕ್ಷ ರೂಪಾಯಿ ಕೊಡುವೆನೆಂದರು. ಅವರದೊಂದು ಷರತ್ತು: 1967ರ ಮೂಲ ಸ್ಥಿತಿಯಲ್ಲಿಯೇ ಇದೆ ಎಂದು ಬರೆದುಕೊಡಬೇಕು. ನೆಲಹಲಗೆ ಪೂರ್ಣ ಹೊಸದು, ಚೌಕಟ್ಟಿನ ನಾಲ್ಕು ತೊಲೆ ಹೊಸವು, ರಿವೆಟುಗಳಲ್ಲಿ 412 ಹೊಸವು. ವರ್ತಕರ ಮನಸ್ಸು ಒಲಿದಿತ್ತು ಎಂಬುದನ್ನು ಮರೆಮಾಚಬೇಕಾಗಿಲ್ಲ. ನೋಡುವವರಿಗೆ ಭೇದ ತಿಳಿಯುವಂತಿರಲಿಲ್ಲ. ವಿನೋದಕ್ಕಾಗಿ ಕೊಳ್ಳುವವನಿಗೆ ಹಾನಿಯೇನು ಎಂಬ ವಾದವೂ ಸಿದ್ಧವಾಗಿತ್ತು. ಸತ್ಯಾಣುವ್ರತದ ಅತಿಚಾರಗಳಲ್ಲಿ ಸುಳ್ಳು ಬರಹಕ್ಕೆ ಪ್ರತ್ಯೇಕ ಸ್ಥಾನವಿದೆ ಎಂಬುದನ್ನು ಪ್ರವಚನಗಳಲ್ಲಿ ಅವರು ಎಷ್ಟೋ ಸಲ ಕೇಳಿದ್ದವರು.

ಕ್ರಯಪತ್ರಕ್ಕೆ ಮಾಡಿಸಿದ ವರ್ಷದ ಆಧಾರ ಬೇಕಾಗಿ ಅವರು ಅಟ್ಟದ ಮೇಲಿನ ಹಳೆಯ ಕಿರ್ದಿ ಪುಸ್ತಕಗಳನ್ನು ಇಳಿಸಿದರು. 1967ರ ಖಾತೆಯಲ್ಲಿ 'ಯಾತ್ರೆ' ಎಂಬ ಶೀರ್ಷಿಕೆ ದೊರೆಯಿತು. ಕೋಣೆಯ ಖರ್ಚು 2,840 ರೂಪಾಯಿ. ಎದುರಿನ ಜಮಾ ಬದಿಯಲ್ಲಿ ಹನ್ನೊಂದು ಮನೆಗಳ ಹೆಸರು, ಪ್ರತಿಯೊಂದರ ಮುಂದೆ 175 ರೂಪಾಯಿ, ಒಟ್ಟು 1,925. ಮನೆಯಿಂದ ಹಾಕಿದ್ದು 915 ಮಾತ್ರ. ಕೊನೆಯಲ್ಲಿ ತಂದೆಯವರ ಕೈಬರಹ: ಕೋಣೆ ಸರ್ವರದು, ಬಾಡಿಗೆಗೆ ಕೊಡತಕ್ಕದ್ದಲ್ಲ.

ಬಾಡಿಗೆ ಕೂಡದೆಂದು ಅವರು ಬರೆದುದಕ್ಕೆ ಹಿನ್ನೆಲೆಯಿದೆ. ಶ್ರಾವಕಾಚಾರ ಗ್ರಂಥಗಳು ವರ್ಜ್ಯವೆಂದು ಎಣಿಸುವ ಹದಿನೈದು ಖರಕರ್ಮಗಳಲ್ಲಿ ಗಾಡಿಗಳ ವ್ಯಾಪಾರವೂ ಗಾಡಿಯ ಬಾಡಿಗೆಯೂ ಸೇರಿವೆ. ಹೂಡಿದ ಎತ್ತುಗಳಿಗೂ ಗಾಲಿಯಡಿಯ ಜೀವಿಗಳಿಗೂ ಆಗುವ ಹಿಂಸೆ ಅದಕ್ಕೆ ಕಾರಣ. ಲಾರಿಯಿಲ್ಲದೆ ಬೇಳೆಯ ವ್ಯಾಪಾರ ನಡೆಯದ ಕಾಲದಲ್ಲಿ ಆ ನಿಯಮವನ್ನು ಪೂರ್ಣ ಪಾಲಿಸಲಾಗದಿದ್ದರೂ, ಯಾತ್ರೆಯ ವಸ್ತುವಿನಿಂದ ಲಾಭ ಬೇಡವೆಂಬಷ್ಟು ಮಿತಿಯನ್ನು ಆ ಹಿರಿಯರು ಹಾಕಿಕೊಂಡಿದ್ದರು. ತಮ್ಮ ಪಾಲು ಮೂರನೆಯ ಒಂದಕ್ಕಿಂತಲೂ ಕಡಿಮೆ ಇರುವ ವಸ್ತುವನ್ನು ಮಗ ಪೂರ್ಣ ಸ್ವಂತವೆಂದು ಮಾರಲು ಹೊರಟಿದ್ದರು. ಅರಿಯದೆ ಮಾಡಿದ್ದು ನಿಜ. ಪುಸ್ತಕ ಓದಿದ ಮೇಲೂ ಮಾರಿದ್ದರೆ ಅದು ಅಚೌರ್ಯದ ಭಂಗವಾಗುತ್ತಿತ್ತು.

ಮರುದಿನ ಅವರು ಕ್ರಯದ ಮಾತನ್ನು ಮುರಿದು ಆ ಮನೆಗಳನ್ನು ಹುಡುಕತೊಡಗಿದರು. ಎರಡು ಮನೆತನ ಸೊಲ್ಲಾಪುರಕ್ಕೂ ಹುಬ್ಬಳ್ಳಿಗೂ ಹೋಗಿ ನೆಲೆಸಿದ್ದವು. ಒಂದರಲ್ಲಿ ವಾರಸುದಾರರೇ ಉಳಿದಿರಲಿಲ್ಲ. ಒಬ್ಬರು ತಮ್ಮ ಪಾಲನ್ನು ಈಗಿನ ಬೆಲೆಗೆ ಕೇಳಿದರು. 4 ಲಕ್ಷಕ್ಕೆ 175ರ ಪಾಲು 24,648 ರೂಪಾಯಿ ಆಗುತ್ತದೆ. ಅದನ್ನು ಚೌಕಾಸಿಯಿಲ್ಲದೆ ಸಲ್ಲಿಸಲಾಯಿತು. ಉಳಿದವರು, ಯಾತ್ರಿಕರ ಉಪಯೋಗಕ್ಕೆ ಇರಲಿ ಎಂದರು.

ಇನ್ನೊಂದು ಲೆಕ್ಕ ಯಾವ ಪುಸ್ತಕದಲ್ಲಿಯೂ ಬರೆದಿರಲಿಲ್ಲ. ತೋಟ ಕಾಯುವ ಕುಟುಂಬವೊಂದು ಒಂಬತ್ತು ವರ್ಷ ಆ ಕೋಣೆಯಲ್ಲಿ ವಾಸವಾಗಿತ್ತು. ಯಜಮಾನ ತೀರಿಹೋಗಿದ್ದ, ಅವನ ಮಡದಿ ಕಮಲಾಪುರದಲ್ಲಿಯೇ ಇದ್ದಳು. ಡಾಂಬರಿನ ವಿಷಯ ಕೇಳಿದಾಗ ಆಕೆ ಅಂಜುತ್ತಲೇ ಹೇಳಿದಳು: "ಮಳಿಗಾಲದಾಗ ನಾವ ಬಡದೀವ್ರಿ ಸಾವಕಾರ್ರಿ. ಇಲ್ಲಾಂದ್ರ ಕಟಗಿ ಎಲ್ಲಾ ಕೊಳೀತಿತ್ತು, ಎಂದೋ ಗುಜರಿಗೆ ಹೋಗ್ತಿತ್ತು." ಮಿಸ್ತ್ರಿಯೂ ಅದನ್ನೇ ಹೇಳಿದ: ಮಾಳಿಗೆಯ ತೊಲೆಗಳು ಉಳಿದದ್ದು ಆ ಡಾಂಬರಿನಿಂದ, ಕೆಳಗಿನವು ಕೆಟ್ಟದ್ದು ಅಲ್ಲಿ ಯಾರೂ ಬಳಿಯದೆ ಇದ್ದುದರಿಂದ. ಯಾರ ಮೇಲೆ ವರ್ತಕರು ಕೋಪಿಸಿಕೊಂಡಿದ್ದರೋ ಅವರೇ ಅವರಿಗಿಂತ ಮೊದಲು ಜೀರ್ಣೋದ್ಧಾರ ಮಾಡಿದವರು, ಅದೂ ಸ್ವಂತ ಖರ್ಚಿನಲ್ಲಿ. ವರ್ತಕರು ಆಕೆಯ ಮುಂದೆ ಕೈಜೋಡಿಸಿದರು.

ಕೋಣೆಯನ್ನು ಮತ್ತೆ ಲಾರಿಯ ಮೇಲೇರಿಸುವ ಮಾತೂ ಬಂದಿತ್ತು. ತಯಾರಕರ ವಿವರಣೆಗೆ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮು ನಿರ್ಬಂಧಿಸುವುದರಿಂದ ಅದನ್ನು ಕೈಬಿಡಲಾಯಿತು. ತೋಟದ ಅಂಚಿನಲ್ಲಿ, ಹೆದ್ದಾರಿಯ ಬದಿಯ ಬೇವಿನ ನೆರಳಿನಲ್ಲಿ ಕೋಣೆಯನ್ನು ನೆಲೆಗೊಳಿಸಿ, 2024ರ ಮಹಾವೀರ ಜಯಂತಿಯಂದು ಅಲ್ಲಿ ಅರವಟ್ಟಿಗೆ ತೆರೆಯಲಾಯಿತು. ಕಲಬುರಗಿ ಸೀಮೆಯ ಬೇಸಿಗೆಯಲ್ಲಿ ತಾಪ 40 ಡಿಗ್ರಿ ದಾಟುವಾಗ ತಗಡಿನ ಕೋಣೆ ಕುಲುಮೆಯಾದೀತೆಂದು ಒಳಗೋಡೆಗೆ ಗೋಣಿಯ ಪದರ ಹಾಕಿ, ಮಾಳಿಗೆಗೆ ಬಿಳಿಯ ಬಣ್ಣ ಬಳಿದರು. ಬಹಳ ಆಸೆಯಿಂದ ಮಾಡಿಸಿದ ಮಾಳಿಗೆಯ ಹೊಳಪು ಹೀಗೆ ಮರೆಯಾಯಿತು. ಬಾವಿಯ ನೀರನ್ನು ದಪ್ಪ ಬಟ್ಟೆಯಲ್ಲಿ ಸೋಸಿ, ಬಟ್ಟೆಯಲ್ಲಿ ಉಳಿದುದನ್ನು ಮರಳಿ ಅದೇ ಬಾವಿಗೆ ಬಿಡುವ ಕ್ರಮವಿದೆ. ನೋಡಿಕೊಳ್ಳುವವಳು ಅದೇ ಹೆಣ್ಣುಮಗಳು. ತಿಂಗಳ ಸಂಬಳ ಗೊತ್ತುಮಾಡಲಾಗಿದೆ.

ತಂದೆಯವರ ಹೆಸರಿನ ಫಲಕ ಹಾಕಿಸಬೇಕೆಂದು ಬಂಧುಗಳು ಒತ್ತಾಯಿಸಿದರು. ವರ್ತಕರು ಒಪ್ಪಲಿಲ್ಲ. ಅದರ ಬದಲು ಒಳಗೋಡೆಯ ಮೇಲೆ ಒಂದು ಹಾಳೆಗೆ ಚೌಕಟ್ಟು ಹಾಕಿಸಿದ್ದಾರೆ. ಒಂದು ಬದಿಯಲ್ಲಿ ಉಳಿದ ಹಳೆಯ ಭಾಗಗಳು, ಇನ್ನೊಂದು ಬದಿಯಲ್ಲಿ ಹೊಸದಾಗಿ ಸೇರಿದವು. ಜಮಾಖರ್ಚಿನ ಕ್ರಮದಲ್ಲಿಯೇ ಬರೆದದ್ದು. ಹಳೆಯ ಭಾಗಗಳ ಕೊನೆಯ ಸಾಲಿನಲ್ಲಿ, ಮಾಳಿಗೆಯನ್ನು ಡಾಂಬರಿನಿಂದ ಕಾಪಾಡಿದವರು ತೋಟ ಕಾಯುತ್ತಿದ್ದ ದಂಪತಿಗಳು ಎಂದಿದೆ.

ಪರಿಗ್ರಹವೆಂದರೆ ವಸ್ತುವಲ್ಲ, ವಸ್ತುವಿನಲ್ಲಿಡುವ ಮೂರ್ಛೆ ಎಂದು ಉಮಾಸ್ವಾಮಿಗಳು ತಿಳಿಸಿದ್ದಾರೆ. ಜೀರ್ಣೋದ್ಧಾರದ ನೆಪದಲ್ಲಿಯೂ ಆ ಮೂರ್ಛೆ ಬೆಳೆಯಬಲ್ಲದು. ಬಸದಿಗಳ ವಿಶ್ವಸ್ತ ಮಂಡಳಿಗಳು ಹಳೆಯ ಕಲ್ಲಿಗೆ ಎಣ್ಣೆಬಣ್ಣ ಬಳಿಸುವ ಮೊದಲು, ಶಾಸನದ ಮೇಲೆ ಹೊಸ ಹಾಸುಗಲ್ಲು ಕೂರಿಸುವ ಮೊದಲು, ದಾನಿಗಳ ಫಲಕ ಕೆತ್ತಿಸುವ ಮೊದಲು, ಹಳೆಯ ಕಿರ್ದಿಯನ್ನೊಮ್ಮೆ ತೆರೆದು ನೋಡುವುದು ಒಳ್ಳೆಯದು. ಮಳೆಗಾಲದಲ್ಲಿ ಮಾಳಿಗೆಯ ಮೇಲೆ ಹತ್ತಿ ಸೋರಿಕೆ ತಡೆದವರು ಯಾರೆಂದು ಊರಿನವರನ್ನು ಕೇಳುವುದು ಇನ್ನೂ ಒಳ್ಳೆಯದು.