ಉಷ್ಣ ಎಂದು ಸುಮ್ಮನಾಗಬೇಡಿ

ನಮ್ಮ ಮಂಡ್ಯ ಸೀಮೆಯಲ್ಲಿ ಹೆಂಗಸರ ಅರ್ಧ ಕಾಯಿಲೆಗೆ ಒಂದೇ ಹೆಸರು, ಉಷ್ಣ. ಕಣ್ಣುರಿದರೆ ಉಷ್ಣ, ಬಾಯಿ ಹುಣ್ಣಾದರೆ ಉಷ್ಣ. ಬಸುರಿಗೆ ಉರಿಮೂತ್ರ ಬಂದರಂತೂ ಕೇಳುವುದೇ ಬೇಡ. "ಉಸ್ಣ ಆಗದೆ ಕಣವ್ವ, ಎರಡು ಎಳನೀರು ಕುಡಿ, ಇಳಿದೋಯ್ತದೆ" ಎಂದು ಅತ್ತೆಯಿಂದ ಹಿಡಿದು ಹೂ ಮಾರುವವಳ ತನಕ ಎಲ್ಲರೂ ಹೇಳುವವರೇ. ಎಳನೀರಿಗೇನು ಬರವೇ? ಮದ್ದೂರಿನ ಮಾರುಕಟ್ಟೆಯಿಂದ ಲಾರಿಗಟ್ಟಲೆ ಪರಊರಿಗೆ ಹೋಗುತ್ತದೆ.

ನಾನು ಎಳನೀರನ್ನು ಬಯ್ಯುತ್ತಿಲ್ಲ, ಖಂಡಿತ ಕುಡಿಯಿರಿ. ಆದರೆ ಮೂತ್ರದ ದಾರಿಯಲ್ಲಿ ಬೇರೂರಿದ ರೋಗಾಣುವನ್ನು ಅದು ಕೊಲ್ಲಲಾರದು.

ಮಳವಳ್ಳಿಯಲ್ಲಿರುವ ನನ್ನ ತಂಗಿ ಬಸುರಿಯಾಗಿದ್ದಾಗ, ಆರನೆಯ ತಿಂಗಳಲ್ಲಿ, ವಾರವೆಲ್ಲ ಉರಿ ಎನ್ನುತ್ತಿದ್ದಳು. ಅದೂ ಅಮ್ಮನ ಕಿವಿಯಲ್ಲಿ ಮಾತ್ರ. ಎಳನೀರು, ಜೀರಿಗೆ ನೀರು, ಬಾರ್ಲಿ ಗಂಜಿ ಎಲ್ಲವೂ ಆಯಿತು. ಎರಡು ದಿನ ಕಡಿಮೆಯಾದಂತೆಯೂ ಕಂಡಿತು. ಆಮೇಲೆ ಒಂದು ರಾತ್ರಿ ಗಡಗಡ ನಡುಗಿಸುವ ಚಳಿಜ್ವರ, ಬಲಪಕ್ಕೆಯಲ್ಲಿ ತಡೆಯಲಾರದ ನೋವು, ವಾಂತಿ. ಬೆಳಗಾಗುವುದರೊಳಗೆ ಮಂಡ್ಯಕ್ಕೆ ಕರೆತಂದೆವು. ಸೋಂಕು ಮೂತ್ರಕೋಶದಿಂದ ಮೇಲೇರಿ ಮೂತ್ರಪಿಂಡಕ್ಕೆ ತಗುಲಿತ್ತು. ಐದು ದಿನ ಡ್ರಿಪ್ಪು, ಇಂಜೆಕ್ಷನ್ನು. ಮಗು ದಿನ ತುಂಬಿಯೇ ಹುಟ್ಟಿತು, ನಮ್ಮ ಪುಣ್ಯ. ಈ ಜ್ವರದಿಂದ ದಿನ ತುಂಬುವ ಮೊದಲೇ ಹೆರಿಗೆ ಆಗುವುದುಂಟು, ಕೂಸು ತೂಕ ಕಡಿಮೆ ಇರುವುದುಂಟು.

ಬಸುರಿಗೇ ಯಾಕೆ ಹೀಗೆ ಎನ್ನುತ್ತೀರಾ? ಹೆಂಗಸರಲ್ಲಿ ಮೂತ್ರ ಹೊರಬರುವ ನಾಳವೇ ಗಿಡ್ಡ, ಸುಮಾರು 4 ಸೆಂಟಿಮೀಟರು. ಮಲದ್ವಾರವೂ ಹತ್ತಿರ. ಕರುಳಿನಲ್ಲಿರುವ ಇ-ಕೋಲೈ ಎಂಬ ರೋಗಾಣು ಒಳಗೆ ಹೋಗಲು ಹೆಚ್ಚು ದೂರವೇನಿಲ್ಲ. ಬಸುರಿನಲ್ಲಿ ಹಾರ್ಮೋನಿನಿಂದ ಮೇಲಿನ ಮೂತ್ರನಾಳಗಳು ಸಡಿಲವಾಗುತ್ತವೆ, ಬೆಳೆಯುವ ಗರ್ಭಕೋಶ ಅವುಗಳನ್ನು ಒತ್ತುತ್ತದೆ. ಮೂತ್ರ ಸರಾಗವಾಗಿ ಇಳಿಯದೆ ನಿಲ್ಲುತ್ತದೆ. ನಿಂತ ನೀರಿನಲ್ಲಿ ಪಾಚಿ ಕಟ್ಟುವುದನ್ನು ನಾಲೆಯ ಸೀಮೆಯವರಾದ ನಮಗೆ ಯಾರು ಹೇಳಿಕೊಡಬೇಕು!

ಇನ್ನೊಂದು ಸಂಗತಿ ನನಗೆ ಮೊದಲು ನಂಬಲಿಕ್ಕೇ ಆಗಲಿಲ್ಲ. ಕೆಲವು ಬಸುರಿಯರಿಗೆ ಉರಿ, ನೋವು ಏನೂ ಇಲ್ಲದೆಯೂ ಮೂತ್ರದಲ್ಲಿ ರೋಗಾಣು ಇರುತ್ತದಂತೆ. ನೂರಕ್ಕೆ 2ರಿಂದ 10 ಮಂದಿಗೆ. ಹಾಗೇ ಬಿಟ್ಟರೆ ಅವರಲ್ಲಿ ಹಲವರಿಗೆ ನನ್ನ ತಂಗಿಯ ಗತಿಯೇ. ಅದಕ್ಕೇ ವಿಶ್ವ ಆರೋಗ್ಯ ಸಂಸ್ಥೆ 2016ರಲ್ಲಿ ಬಸುರಿಯರಿಗೆ ಮೂತ್ರದ ಕಲ್ಚರ್ ಪರೀಕ್ಷೆ ಮಾಡಬೇಕು, ರೋಗಾಣು ಕಂಡರೆ 7 ದಿನ ಔಷಧಿ ಕೊಡಬೇಕು ಎಂದು ಸಲಹೆ ಮಾಡಿತು. ಸಕ್ಕರೆ, ಪ್ರೋಟೀನು ನೋಡುವ ಪರೀಕ್ಷೆಯೇ ಬೇರೆ, ಇದೇ ಬೇರೆ. ತಾಯಿ ಕಾರ್ಡು ಹಿಡಿದು ಹೋದಾಗ "ಕಲ್ಚರ್ ಆಗಿದೆಯಾ?" ಎಂದು ಬಾಯಿ ಬಿಟ್ಟು ಕೇಳಿ. 2016ರಿಂದ ಪ್ರತಿ ತಿಂಗಳು 9ನೇ ತಾರೀಖು ಸರ್ಕಾರಿ ಆಸ್ಪತ್ರೆಗಳಲ್ಲಿ ಬಸುರಿಯರಿಗೆ ಉಚಿತ ತಪಾಸಣೆ ಇದೆ. ಮದ್ದೂರು, ಮಳವಳ್ಳಿಯವರಿಗೆ ತಾಲ್ಲೂಕು ಆಸ್ಪತ್ರೆ, ಮಂಡ್ಯದಲ್ಲಿ ಮಿಮ್ಸ್. ಬಾಟಲಿಗೆ ಹಿಡಿಯುವಾಗ ಮೊದಲು ತೊಳೆದುಕೊಂಡು, ಸ್ವಲ್ಪ ಹೊರಗೆ ಬಿಟ್ಟು, ನಡುವಿನ ಮೂತ್ರವನ್ನು ಹಿಡಿಯಬೇಕು.

ಇನ್ನು ಮನೆಯ ಮಾತು. ಬಸ್ಸಿನಲ್ಲಿ ಹೊರಟರೆ, ಮದುವೆಮನೆಗೆ ಹೋದರೆ ನಾವು ನೀರನ್ನೇ ಮುಟ್ಟುವುದಿಲ್ಲ, ಎಲ್ಲಿ ಹೋಗೋದು ಎಂಬ ಭಯ. ಆ ಭಯ ಸುಳ್ಳಲ್ಲ. ಹಲವು ಬಸ್ ನಿಲ್ದಾಣಗಳ ಶೌಚಾಲಯ ನೋಡಿದರೆ ಯಾರಿಗಾದರೂ ಬಾಯಾರಿಕೆ ಇಂಗಿಹೋದೀತು! ಆದರೂ ಬಸುರಿ ಮಾತ್ರ ನೀರು ಬಿಡಬಾರದು, ಮೂತ್ರ ಕಟ್ಟಬಾರದು. ಹೊರಡುವ ಮುನ್ನ ಒಮ್ಮೆ, ತಲುಪಿದ ಕೂಡಲೇ ಒಮ್ಮೆ ಹೋಗಿಬನ್ನಿ. ತೊಳೆಯುವಾಗ ಮುಂದಿನಿಂದ ಹಿಂದಕ್ಕೆ. ಹತ್ತಿಯ ಒಳಉಡುಪು, ಬಿಸಿಲಲ್ಲಿ ಒಣಗಿಸಿದ್ದು. ಗಂಡನೊಡನೆ ಸೇರಿದ ಮೇಲೂ ಮೂತ್ರ ಮಾಡಿ ಬರುವುದು ಒಳ್ಳೆಯದು. ಬರೆಯಲು ಸಂಕೋಚ, ಆದರೆ ಯಾರಾದರೂ ಹೇಳಬೇಕಲ್ಲ!

ಔಷಧಿ ಅಂಗಡಿಯಲ್ಲಿ ನೀವೇ ಮಾತ್ರೆ ಕೇಳಿ ತರಬೇಡಿ, ಕೆಲವು ಮಾತ್ರೆ ಬಸುರಿಯರಿಗೆ ಆಗದು. ವೈದ್ಯರು ಕೊಟ್ಟದ್ದನ್ನು ಉರಿ ನಿಂತಿತೆಂದು ನಡುವೆ ಬಿಡಬೇಡಿ. ಚಳಿಜ್ವರ, ಪಕ್ಕೆನೋವು, ಮೂತ್ರದಲ್ಲಿ ರಕ್ತ, ಹೊಟ್ಟೆ ಬಿಗಿಯುವುದು, ಇದರಲ್ಲಿ ಒಂದು ಕಂಡರೂ ಬೆಳಗಾಗಲಿ ಎಂದು ಕಾಯಬೇಡಿ, ಆ ರಾತ್ರಿಯೇ ಹೊರಡಿ. ಗಂಡಸು ಡಾಕ್ಟರ ಮುಂದೆ ಹೇಳಲು ನಾಚಿಕೆಯಾದರೆ ನರ್ಸಮ್ಮನಿಗೋ ಆಶಾ ಕಾರ್ಯಕರ್ತೆಗೋ ಹೇಳಿ, ಅವರು ಮುಟ್ಟಿಸುತ್ತಾರೆ.